ಸ್ಟೆಮ್ ಸೆಲ್ ಕಸಿಯ ನಂತರ ಶ್ವಾಸಕೋಶಕ್ಕೆ ಫಂಗಸ್: ಒಬ್ಬ ಅಕ್ಕನ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ, ಅಡಿಕೆ ತೋಟದ ಮನೆ. ತಮ್ಮನಿಗೆ 27 ವರ್ಷ. ರಕ್ತದ ಕ್ಯಾನ್ಸರ್‌ಗೆ ನಾಲ್ಕು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಸ್ಟೆಮ್ ಸೆಲ್ ಕಸಿ ಮಾಡಿಸಿದೆವು. ಸ್ಟೆಮ್ ಸೆಲ್ ಕೊಟ್ಟಿದ್ದು ನಾನೇ. ಎರಡನೇ ತಿಂಗಳಲ್ಲಿ ಜಿವಿಎಚ್‌ಡಿ ಬಂದಿದೆ ಎಂದು ಸ್ಟೀರಾಯ್ಡ್ ಶುರು ಮಾಡಿದರು. ಈಗ ಸ್ವಲ್ಪ ಒಣಕೆಮ್ಮು ಅಂತ ಸಿಟಿ ಸ್ಕ್ಯಾನ್ ಮಾಡಿಸಿದರೆ ಶ್ವಾಸಕೋಶದಲ್ಲಿ ಎರಡು ಗಂಟು ಕಂಡಿವೆ. ‘ಪ್ರಾಬಬಲ್ ಇನ್‌ವೇಸಿವ್ ಆಸ್ಪರ್ಜಿಲೋಸಿಸ್’ ಎಂದು ಬರೆದು ವಾರಿಕೊನಜೋಲ್ ಮಾತ್ರೆ ಕೊಟ್ಟಿದ್ದಾರೆ. ಜ್ವರ ಬಂದೇ ಇಲ್ಲ. ಫಂಗಸ್ ಬಾರದಿರಲಿ ಎಂದು ಮೊದಲಿನಿಂದಲೂ ಫ್ಲುಕೊನಜೋಲ್ ಕೊಡುತ್ತಿದ್ದರು. ಆದರೂ ಹೇಗೆ ಬಂತು? ‘ಪ್ರಾಬಬಲ್’ ಅಂದರೆ ಡಾಕ್ಟರಿಗೇ ಖಾತ್ರಿ ಇಲ್ಲವಾ? ನಾಲ್ವರಲ್ಲಿ ಒಬ್ಬರು ಮಾತ್ರ ಉಳಿಯುತ್ತಾರೆ ಎಂದು ಇಂಟರ್ನೆಟ್‌ನಲ್ಲಿ ಓದಿ ಕೈಕಾಲೇ ಆಡುತ್ತಿಲ್ಲ. ಮಳೆಗಾಲ ಶುರುವಾಗಿದೆ, ಅವನನ್ನು ಊರಿಗೆ ಕರೆದುಕೊಂಡು ಹೋಗಬಹುದಾ? ಅಮ್ಮ ಅಮೃತಬಳ್ಳಿ ಕಷಾಯ ಕೊಡೋಣ ಅನ್ನುತ್ತಾರೆ. ನನ್ನ ಸ್ಟೆಮ್ ಸೆಲ್‌ನಿಂದಲೇ ಹೀಗಾಯಿತಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಇರಬೇಕು. ಈ ಫಂಗಸ್ ನಿಮ್ಮಿಂದ ಹೋದದ್ದಲ್ಲ. ನೀವು ಕೊಟ್ಟ ಸ್ಟೆಮ್ ಸೆಲ್‌ಗಳ, ಅಂದರೆ ರಕ್ತಕಣಗಳನ್ನು ಹುಟ್ಟಿಸುವ ಮೂಲಕಣಗಳ ಜೊತೆ ಅದು ಪ್ರಯಾಣ ಮಾಡಿಲ್ಲ. ಕಸಿಯ ಜೊತೆ ಹೋದ ನಿಮ್ಮ ರೋಗನಿರೋಧಕ ಕಣಗಳು ತಮ್ಮನ ಚರ್ಮವನ್ನೋ ಕರುಳನ್ನೋ ಪರಕೀಯ ಎಂದು ತಿಳಿದು ತಕರಾರು ತೆಗೆದಿವೆ, ಅದೇ ಜಿವಿಎಚ್‌ಡಿ. ಆದರೆ ಉಳಿದುಕೊಂಡ ಕ್ಯಾನ್ಸರ್ ಕಣಗಳನ್ನು ಹುಡುಕಿ ಕೊಲ್ಲುವುದೂ ಇದೇ ಕಣಗಳು. ಅದಕ್ಕಾಗಿಯೇ ಕಸಿ ಮಾಡುವುದು. ಜಿವಿಎಚ್‌ಡಿ ಬರುತ್ತದೋ ಇಲ್ಲವೋ ಎಂಬುದು ದಾನಿಯ ಕೈಯಲ್ಲಿಲ್ಲ. ನೀವು ಕೊಡದೇ ಇದ್ದಿದ್ದರೆ ಇವತ್ತು ಈ ಪ್ರಶ್ನೆ ಕೇಳುವ ಸ್ಥಿತಿಯೂ ಇರುತ್ತಿರಲಿಲ್ಲ. ಇದನ್ನು ದಯವಿಟ್ಟು ಮನಸ್ಸಿನಿಂದ ತೆಗೆದುಹಾಕಿ.

ಹಾಗಾದರೆ ಫಂಗಸ್ ಬಂದದ್ದು ಎಲ್ಲಿಂದ? ಗಾಳಿಯಿಂದ. ಆಸ್ಪರ್ಜಿಲಸ್ ಎಂಬ ಈ ಬೂಷ್ಟು ಮಣ್ಣಲ್ಲಿ, ಕೊಳೆಯುವ ಎಲೆಯಲ್ಲಿ, ಹಳೇ ಹುಲ್ಲಿನಲ್ಲಿ, ತೇವ ತಾಗಿದ ಗೋಡೆಯಲ್ಲಿ ಬೆಳೆಯುತ್ತದೆ. ಇದರ ಬೀಜಕಣ 2–3 ಮೈಕ್ರಾನ್ ದಪ್ಪ, ಅಂದರೆ ಒಂದು ಮಿಲಿಮೀಟರಿನ ಸಾವಿರ ಭಾಗದಲ್ಲಿ ಎರಡು ಮೂರು ಭಾಗ. ಅಷ್ಟು ಸಣ್ಣದಾದ್ದರಿಂದ ಮೂಗು, ಗಂಟಲು ದಾಟಿ ಶ್ವಾಸಕೋಶದ ತುದಿಯವರೆಗೂ ಇಳಿಯುತ್ತದೆ. ನೀವೂ ನಾನೂ ದಿನಕ್ಕೆ ಇಂಥ ನೂರಾರು ಬೀಜಕಣಗಳನ್ನು ಉಸಿರಿನ ಜೊತೆ ಒಳಗೆ ಎಳೆದುಕೊಳ್ಳುತ್ತೇವೆ. ನಮಗೆ ಏನೂ ಆಗುವುದಿಲ್ಲ. ಶ್ವಾಸಕೋಶದ ಗಾಳಿಚೀಲಗಳಲ್ಲಿ ಕಾದಿರುವ ಮ್ಯಾಕ್ರೋಫೇಜ್ ಎಂಬ ಕಣಗಳು ಬೀಜಕಣವನ್ನು ನುಂಗಿ ಕೊಲ್ಲುತ್ತವೆ. ಅವುಗಳ ಕಣ್ಣು ತಪ್ಪಿಸಿ ಒಂದೆರಡು ಮೊಳೆತು ಎಳೆ ಬಿಟ್ಟರೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬಂದು ಆ ಎಳೆಯನ್ನು ಮುಗಿಸುತ್ತವೆ. ಕಸಿ ಆದವರಲ್ಲಿ ಈ ಎರಡು ಕಾವಲಲ್ಲಿ ಒಂದಾದರೂ ಸಡಿಲವಾಗಿರುತ್ತದೆ. ಆಗ ಎಳೆ ಬೆಳೆದು ಶ್ವಾಸಕೋಶದ ಒಳಗೆ ನುಗ್ಗುತ್ತದೆ, ರಕ್ತನಾಳವನ್ನೂ ಕೊರೆಯುತ್ತದೆ. ‘ಇನ್‌ವೇಸಿವ್’ ಎಂದು ಬರೆದಿರುವುದು ಇದಕ್ಕೇ. ಇದು ತಮ್ಮನಿಂದ ಮನೆಯವರಿಗೆ ಅಂಟುವ ಕಾಯಿಲೆಯಲ್ಲ. ಮಕ್ಕಳನ್ನು ದೂರ ಇಡುವುದೇನೂ ಬೇಡ, ಶೀತ ಜ್ವರ ಇದ್ದವರು ಮಾತ್ರ ಅವನ ಹತ್ತಿರ ಹೋಗದಿದ್ದರೆ ಸಾಕು.

ಅಷ್ಟು ಸ್ವಚ್ಛವಾಗಿ ನೋಡಿಕೊಂಡಿದ್ದೆವಲ್ಲ, ಈಗೇಕೆ ಬಂತು ಅಂತ ಅನಿಸುವುದು ಸಹಜ. ಇಲ್ಲಿ ಒಂದು ವಿಷಯವನ್ನು ಕಸಿ ಆದವರ ಮನೆಯವರೆಲ್ಲ ತಿಳಿದಿರಬೇಕು, ಎಷ್ಟೋ ಮನೆಗಳಿಗೆ ಇದು ತಲುಪಿಯೇ ಇರುವುದಿಲ್ಲ. ಕಸಿಯ ನಂತರ ಫಂಗಸ್‌ನ ಅಪಾಯ ಎರಡು ಸಲ ಏರುತ್ತದೆ. ಮೊದಲನೆಯದು ಆಸ್ಪತ್ರೆಯಲ್ಲೇ ಕಳೆಯುವ ಮೊದಲ ಎರಡರಿಂದ ನಾಲ್ಕು ವಾರ. ಆಗ ನ್ಯೂಟ್ರೋಫಿಲ್ ಬಹುತೇಕ ಸೊನ್ನೆ. ಹೆಪಾ ಫಿಲ್ಟರ್ ಇರುವ ಕೋಣೆಯಲ್ಲಿ ಇಟ್ಟಿರುತ್ತಾರೆ. 0.3 ಮೈಕ್ರಾನ್‌ನ ಕಣಗಳಲ್ಲೂ ನೂರಕ್ಕೆ 99.97ರಷ್ಟನ್ನು ಅದು ತಡೆಯುತ್ತದೆ. ಕೋಣೆಯ ಒಳಗಿನ ಗಾಳಿಯ ಒತ್ತಡ ಹೊರಗಿಗಿಂತ ಜಾಸ್ತಿ ಇರುವುದರಿಂದ ಬಾಗಿಲು ತೆರೆದರೂ ಕಾರಿಡಾರಿನ ಗಾಳಿ ಒಳಗೆ ಬರುವುದಿಲ್ಲ. ನ್ಯೂಟ್ರೋಫಿಲ್ ಕೌಂಟ್ ಮೂರು ದಿನ ಸತತವಾಗಿ 500 ದಾಟಿದ ಮೇಲೆ ಕಸಿ ಹಿಡಿಯಿತು ಅನ್ನುತ್ತಾರೆ. ಎಲ್ಲರೂ ಉಸಿರು ಬಿಡುತ್ತಾರೆ, ಮನೆಗೆ ಕಳಿಸುತ್ತಾರೆ.

ಎರಡನೇ ಏರು ಮನೆಯಲ್ಲಿ ಬರುತ್ತದೆ, ಜಿವಿಎಚ್‌ಡಿ ಮತ್ತು ಸ್ಟೀರಾಯ್ಡ್ ಜೊತೆಗೆ. ಕೌಂಟ್ ನೋಡಿದರೆ ಚೆನ್ನಾಗೇ ಇರುತ್ತದೆ. ಆದರೆ ಜಾಸ್ತಿ ಡೋಸಿನ ಸ್ಟೀರಾಯ್ಡ್ ವಾರಗಟ್ಟಲೆ ನಡೆದರೆ ಮ್ಯಾಕ್ರೋಫೇಜ್ ಬೀಜಕಣವನ್ನು ನುಂಗುತ್ತದೆ, ಕೊಲ್ಲಲಾಗುವುದಿಲ್ಲ. ಸಂಖ್ಯೆ ಇದೆ, ಶಕ್ತಿ ಇಲ್ಲ. ಬೀಜ ಎಲ್ಲ ಕಡೆ ಬೀಳುತ್ತದೆ, ಮೊಳೆಯುವುದು ಹದ ಆದ ನೆಲದಲ್ಲಿ ಮಾತ್ರ ಅಲ್ವಾ? ನಿಮ್ಮ ತಮ್ಮನ ಶ್ವಾಸಕೋಶವನ್ನು ಹದ ಮಾಡಿದ್ದು ಮನೆಯ ಧೂಳಲ್ಲ, ಜಿವಿಎಚ್‌ಡಿಯೂ ಅದಕ್ಕೆ ಬೇಕೇ ಬೇಕಾಗಿದ್ದ ಔಷಧವೂ.

ಜ್ವರ ಬಾರದಿರುವುದಕ್ಕೂ ಇದೇ ಕಾರಣ. ಜ್ವರವೆಂದರೆ ದೇಹ ಸೋಂಕಿನ ವಿರುದ್ಧ ಎಬ್ಬಿಸುವ ಗಲಾಟೆ. ಸ್ಟೀರಾಯ್ಡ್ ಆ ಗಲಾಟೆಯನ್ನು ಅಡಗಿಸುತ್ತದೆ, ಸೋಂಕನ್ನಲ್ಲ. ಜಾಸ್ತಿ ಸ್ಟೀರಾಯ್ಡ್ ತೆಗೆದುಕೊಳ್ಳುವ ಕಸಿ ರೋಗಿಗೆ ಜ್ವರ ಇಲ್ಲ ಎಂಬುದು ಯಾವ ಸಮಾಧಾನವನ್ನೂ ಕೊಡಬಾರದು. ಬರೀ ಒಣಕೆಮ್ಮಿಗೆ ಸ್ಕ್ಯಾನ್ ಮಾಡಿಸಿದ ನಿಮ್ಮ ಡಾಕ್ಟರು ಸರಿಯಾದ ಕೆಲಸ ಮಾಡಿದ್ದಾರೆ. ಎಕ್ಸ್‌ರೇ ಮಾತ್ರ ತೆಗೆದಿದ್ದರೆ ಈ ಗಂಟುಗಳು ಕಾಣದೇ ಹೋಗುವ ಸಾಧ್ಯತೆ ಇತ್ತು.

ಇನ್ನು ಫ್ಲುಕೊನಜೋಲ್ ವಿಷಯ. 1992ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ, ಕಸಿ ರೋಗಿಗಳಿಗೆ ಮೊದಲಿನಿಂದಲೇ ಇದನ್ನು ಕೊಟ್ಟರೆ ದೇಹದೊಳಗಿನ ಫಂಗಸ್ ಸೋಂಕು ತುಂಬಾ ಕಡಿಮೆಯಾಗುತ್ತದೆ ಎಂದು ತೋರಿಸಿತು. ಆದರೆ ಅದು ತಡೆಯುವುದು ಮುಖ್ಯವಾಗಿ ಕ್ಯಾಂಡಿಡಾ ಎಂಬ ಇನ್ನೊಂದು ಜಾತಿಯನ್ನು. ಕ್ಯಾಂಡಿಡಾ ನಮ್ಮ ಕರುಳಿನಲ್ಲೇ ಇರುತ್ತದೆ. ಕೀಮೋಥೆರಪಿಯಿಂದ ಕರುಳಿನ ಪದರ ಹರಿದಾಗಲೋ, ಔಷಧ ಕೊಡಲು ಎದೆಯ ರಕ್ತನಾಳಕ್ಕೆ ಹಾಕಿದ ನಳಿಗೆ, ಅಂದರೆ ಸೆಂಟ್ರಲ್ ಲೈನ್ ಮೂಲಕವೋ ರಕ್ತಕ್ಕೆ ಸೇರುತ್ತದೆ. ಆಸ್ಪರ್ಜಿಲಸ್ ಮೇಲೆ ಫ್ಲುಕೊನಜೋಲ್ ಕೆಲಸ ಮಾಡುವುದೇ ಇಲ್ಲ. ಜಿವಿಎಚ್‌ಡಿ ಬಂದವರಿಗೆ ಪೊಸಾಕೊನಜೋಲ್ ಎಂಬ ಇನ್ನೊಂದು ಫಂಗಸ್ ಔಷಧ ಕೊಟ್ಟರೆ ಆಸ್ಪರ್ಜಿಲಸ್ ಕೂಡ ಕಡಿಮೆಯಾಗುತ್ತದೆ ಎಂದು 2007ರ ಅಧ್ಯಯನ ತೋರಿಸಿದೆ. ಫ್ಲುಕೊನಜೋಲ್ ಗುಂಪಿನಲ್ಲಿ ನೂರಕ್ಕೆ 7 ಮಂದಿಗೆ ಬಂದರೆ, ಪೊಸಾಕೊನಜೋಲ್ ಗುಂಪಿನಲ್ಲಿ 2.3ರಷ್ಟು ಮಂದಿಗೆ ಬಂತು. ಹಾಗಂತ ಎಲ್ಲರಿಗೂ ಅದನ್ನೇ ಕೊಡಲಾಗುವುದಿಲ್ಲ. ಲಿವರ್ ಹೇಗಿದೆ, ಬೇರೆ ಔಷಧ ಏನೇನಿದೆ, ಎಷ್ಟು ತಿಂಗಳ ಖರ್ಚು ಹೊರಬಹುದು ಎಂದೆಲ್ಲ ನೋಡಬೇಕಾಗುತ್ತದೆ. ಪೊಸಾಕೊನಜೋಲ್ ತೆಗೆದುಕೊಂಡವರಲ್ಲೂ ಕೆಲವರಿಗೆ ಸೋಂಕು ಬಂದಿತ್ತು ಎಂಬುದನ್ನೂ ಗಮನಿಸಿ.

‘ಪ್ರಾಬಬಲ್’ ಎಂದು ಓದಿ ಗಾಬರಿಯಾಗಬೇಡಿ. ಈ ಸೋಂಕಿನ ಖಚಿತತೆಗೆ ಜಗತ್ತಿನ ತಜ್ಞರೆಲ್ಲ ಒಪ್ಪಿಕೊಂಡ ಮೂರು ಹಂತಗಳಿವೆ: ಪಾಸಿಬಲ್, ಪ್ರಾಬಬಲ್, ಪ್ರೂವನ್. ಕೊನೆಯದಕ್ಕೆ ಗಂಟಿನಿಂದ ಚೂರು ಮಾಂಸ ತೆಗೆದು, ಅದರೊಳಗೆ ಫಂಗಸ್‌ನ ಎಳೆಯನ್ನು ಮೈಕ್ರೋಸ್ಕೋಪಿನಲ್ಲಿ ಕಾಣಬೇಕು. ಪ್ಲೇಟ್‌ಲೆಟ್ ಕಡಿಮೆ ಇರುವ ಹುಡುಗನ ಶ್ವಾಸಕೋಶಕ್ಕೆ ಸೂಜಿ ಚುಚ್ಚಿದರೆ ರಕ್ತಸ್ರಾವದ ಭಯ. ಹಾಗಾಗಿ ಹೆಚ್ಚಿನವರಲ್ಲಿ ಆ ಹಂತದವರೆಗೆ ಹೋಗುವುದೇ ಇಲ್ಲ. ರೋಗಿಗೆ ಅಪಾಯದ ಹಿನ್ನೆಲೆ ಇರಬೇಕು, ಸ್ಕ್ಯಾನ್‌ನಲ್ಲಿ ತಕ್ಕ ಚಿತ್ರ ಇರಬೇಕು, ಜೊತೆಗೆ ಲ್ಯಾಬಿನ ಒಂದು ಸಾಕ್ಷಿ ಬೇಕು. ಈ ಮೂರೂ ಸೇರಿದರೆ ಪ್ರಾಬಬಲ್. ಲ್ಯಾಬಿನ ಸಾಕ್ಷಿ ಹೆಚ್ಚಾಗಿ ಗ್ಯಾಲಕ್ಟೋಮನ್ನನ್ ಪರೀಕ್ಷೆ. ಅದು ಆಸ್ಪರ್ಜಿಲಸ್‌ನ ಹೊರಗೋಡೆಯಿಂದ ಉದುರುವ ಒಂದು ಸಕ್ಕರೆ ಪದಾರ್ಥ. ರಕ್ತದಲ್ಲೂ ನೋಡಬಹುದು. ಬಾಯಿ ಅಥವಾ ಮೂಗಿನಿಂದ ಕ್ಯಾಮೆರಾ ಇಳಿಸಿ ಶ್ವಾಸಕೋಶ ತೊಳೆದು ತೆಗೆದ ನೀರಿನಲ್ಲಿ ನೋಡಿದರೆ ಇನ್ನೂ ಚೆನ್ನಾಗಿ ಸಿಗುತ್ತದೆ. ‘ಪ್ರಾಬಬಲ್’ ಅಂದರೆ ಇವತ್ತೇ ಔಷಧ ಶುರು ಮಾಡಲು ಬೇಕಾದಷ್ಟು ಪುರಾವೆ ಇದೆ ಎಂದು ಅರ್ಥ. ಪೂರ್ತಿ ಖಾತ್ರಿಗಾಗಿ ಕಾಯುವುದು ಈ ಕಾಯಿಲೆಯಲ್ಲಿ ಪ್ರಾಣಕ್ಕೇ ಬರುತ್ತದೆ.

ನಾಲ್ವರಲ್ಲಿ ಒಬ್ಬರು ಎಂಬ ಲೆಕ್ಕದ ಬಗ್ಗೆ ಹೇಳಬೇಕು. ಅದು ಸುಳ್ಳಲ್ಲ. ಅಮೆರಿಕದ 23 ಕಸಿ ಕೇಂದ್ರಗಳಲ್ಲಿ 2001ರಿಂದ 2006ರವರೆಗೆ ಕಲೆಹಾಕಿದ ಮಾಹಿತಿಯಲ್ಲಿ, ಕಸಿಯ ನಂತರ ಆಸ್ಪರ್ಜಿಲಸ್ ಸೋಂಕು ಬಂದವರಲ್ಲಿ ಒಂದು ವರ್ಷ ಬದುಕುಳಿದವರು ನೂರಕ್ಕೆ ಸುಮಾರು 25. ಆದರೆ ಆ ಲೆಕ್ಕ ಹಳೆಯದು. ಅದರಲ್ಲಿ ಎಲ್ಲ ಕಾರಣದ ಸಾವುಗಳೂ ಸೇರಿವೆ: ಕ್ಯಾನ್ಸರ್ ಮರುಕಳಿಸಿದ್ದು, ಜಿವಿಎಚ್‌ಡಿ ಹತೋಟಿಗೆ ಬಾರದ್ದು, ವೆಂಟಿಲೇಟರ್ ಮೇಲಿದ್ದಾಗ ಸೋಂಕು ಪತ್ತೆಯಾದವರು, ಎಲ್ಲರೂ. ವಾರಿಕೊನಜೋಲನ್ನು ಆಂಫೊಟೆರಿಸಿನ್ ಎಂಬ ಹಳೆಯ ಫಂಗಸ್ ಔಷಧದ ಜೊತೆ ಹೋಲಿಸಿದ 2002ರ ಅಧ್ಯಯನದಲ್ಲಿ 12 ವಾರದ ಹೊತ್ತಿಗೆ ವಾರಿಕೊನಜೋಲ್ ಪಡೆದವರಲ್ಲಿ ನೂರಕ್ಕೆ 71 ಮಂದಿ ಬದುಕಿದ್ದರು, ಇನ್ನೊಂದು ಗುಂಪಿನಲ್ಲಿ 58. ನಿಮ್ಮ ತಮ್ಮನಿಗೆ ಎರಡೇ ಗಂಟು, ಬರೀ ಕೆಮ್ಮು, ಮಾತ್ರೆಯಲ್ಲೇ ಚಿಕಿತ್ಸೆ ಶುರುವಾಗಿದೆ. ಇವೆಲ್ಲ ಅವನ ಪರವಾಗಿವೆ. ಕಾಯಿಲೆ ಗಂಭೀರ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮುಂದೇನಾಗುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು, ಜಿವಿಎಚ್‌ಡಿ ಹಿಡಿತಕ್ಕೆ ಬಂದು ಸ್ಟೀರಾಯ್ಡ್ ಇಳಿಸಲು ಆಗುತ್ತದಾ ಎಂಬುದು. ಮುಂದಿನ ಭೇಟಿಯಲ್ಲಿ ಡಾಕ್ಟರನ್ನು ಕೇಳಬೇಕಾದ ಮೊದಲ ಪ್ರಶ್ನೆ ಅದೇ. ನಿಮ್ಮಷ್ಟಕ್ಕೆ ನೀವೇ ಸ್ಟೀರಾಯ್ಡ್ ಕಡಿಮೆ ಮಾಡಲು ಮಾತ್ರ ಹೋಗಬೇಡಿ.

ಮಾತ್ರೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಲ್ಲಿ ಮನೆಯವರ ಕೈಯಲ್ಲಿ ಬಹಳಷ್ಟಿದೆ. ವಾರಿಕೊನಜೋಲ್ 12 ಗಂಟೆಗೊಮ್ಮೆ, ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಒಂದು ಗಂಟೆ ನಂತರ. ತಿಂಡಿಯ ಜೊತೆ ಕೊಟ್ಟರೆ ಸರಿಯಾಗಿ ಹೀರುವುದಿಲ್ಲ. ಒಂದೇ ಡೋಸ್ ಕೊಟ್ಟರೂ ಒಬ್ಬರಿಂದ ಒಬ್ಬರಿಗೆ ರಕ್ತದಲ್ಲಿ ಸಿಗುವ ಮಟ್ಟ ಬಹಳ ಬೇರೆ. ಲಿವರ್ ಇದನ್ನು ಒಡೆಯುವ ವೇಗ ವಂಶವಾಹಿಯಿಂದ ಬರುತ್ತದೆ. ಆದ್ದರಿಂದ ಶುರು ಮಾಡಿ ನಾಲ್ಕೈದು ದಿನ ಆದ ಮೇಲೆ, ಬೆಳಗಿನ ಮಾತ್ರೆಗೆ ಮುಂಚೆ ರಕ್ತ ತೆಗೆದು ಮಟ್ಟ ನೋಡುತ್ತಾರೆ. ಲೀಟರಿಗೆ 1ರಿಂದ 5.5 ಮಿಲಿಗ್ರಾಂ ಒಳಗಿರಬೇಕು. ಕಡಿಮೆಯಾದರೆ ಫಂಗಸ್ ಸಾಯುವುದಿಲ್ಲ, ಜಾಸ್ತಿಯಾದರೆ ಲಿವರ್ ಕೆಡುತ್ತದೆ, ಇಲ್ಲದ್ದು ಕಾಣಿಸುತ್ತದೆ, ಮಾತು ಅಡ್ಡಾದಿಡ್ಡಿಯಾಗುತ್ತದೆ. ಆ ದಿನ ರಕ್ತ ಕೊಡುವ ಮೊದಲು ಮಾತ್ರೆ ನುಂಗಿಸಿಬಿಟ್ಟರೆ ಪರೀಕ್ಷೆಯ ಅರ್ಥವೇ ಹೋಗುತ್ತದೆ. ಮಾತ್ರೆ ತೆಗೆದುಕೊಂಡು ಅರ್ಧ ಗಂಟೆಯಲ್ಲಿ ಬೆಳಕು ಜಾಸ್ತಿ ಕಂಡಂತೆ, ಬಣ್ಣ ಬದಲಾದಂತೆ ಆಗಬಹುದು. ಸ್ವಲ್ಪ ಹೊತ್ತಿಗೆ ತಾನೇ ಹೋಗುತ್ತದೆ. ರಾತ್ರಿ ಬೈಕ್ ಓಡಿಸುವುದು ಬೇಡ. ಬಿಸಿಲು ತಾಗಿದರೆ ಚರ್ಮ ಬೇಗ ಸುಡುತ್ತದೆ. ತಿಂಗಳುಗಟ್ಟಲೆ ತೆಗೆದುಕೊಳ್ಳುವಾಗ ಇದು ಸಣ್ಣ ವಿಷಯವಲ್ಲ, ಚರ್ಮದ ಕ್ಯಾನ್ಸರ್‌ವರೆಗೂ ಹೋಗಬಹುದು. ತುಂಬುತೋಳಿನ ಅಂಗಿ, ಟೋಪಿ, ಸನ್‌ಸ್ಕ್ರೀನ್ ಅಭ್ಯಾಸ ಮಾಡಿಸಿ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಟ್ಯಾಕ್ರೋಲಿಮಸ್ ವಿಷಯದಲ್ಲಿ. ಜಿವಿಎಚ್‌ಡಿ ತಡೆಗೆ ಅವನು ಅದನ್ನೋ ಸೈಕ್ಲೋಸ್ಪೊರಿನ್ನನ್ನೋ ತೆಗೆದುಕೊಳ್ಳುತ್ತಿರಬಹುದು. ಅದನ್ನು ಒಡೆಯುವ ಲಿವರ್ ಕಿಣ್ವವನ್ನು ವಾರಿಕೊನಜೋಲ್ ತಡೆಯುತ್ತದೆ. ಹಾಗಾಗಿ ವಾರಿಕೊನಜೋಲ್ ಶುರು ಮಾಡುವಾಗ ಟ್ಯಾಕ್ರೋಲಿಮಸ್ಸನ್ನು ಸುಮಾರು ಮೂರನೇ ಒಂದು ಭಾಗಕ್ಕೆ, ಸೈಕ್ಲೋಸ್ಪೊರಿನ್ ಆದರೆ ಅರ್ಧಕ್ಕೆ ಇಳಿಸುತ್ತಾರೆ. ಈಗ ಯೋಚಿಸಿ: ಊರಿನಲ್ಲಿ ವಾರಿಕೊನಜೋಲ್ ಖಾಲಿಯಾಯಿತು, ಮಳೆಗೆ ರಸ್ತೆ ಕೆಟ್ಟು ಒಂದು ವಾರ ತರಲಾಗಲಿಲ್ಲ. ಫಂಗಸ್‌ಗೆ ಬಿಡುವು ಸಿಗುವುದಷ್ಟೇ ಅಲ್ಲ, ಇಳಿಸಿದ ಡೋಸಿನ ಟ್ಯಾಕ್ರೋಲಿಮಸ್ ಸಾಲದೆ ಜಿವಿಎಚ್‌ಡಿ ಕೂಡ ಮತ್ತೆ ಭುಗಿಲೇಳಬಹುದು. ಎರಡು ವಾರದ ಮಾತ್ರೆ ಮನೆಯಲ್ಲಿ ಯಾವಾಗಲೂ ಹೆಚ್ಚುವರಿ ಇರಲಿ. ಇದೇ ಕಿಣ್ವವನ್ನು ಚಕ್ಕೋತ ಹಣ್ಣೂ ತಡೆಯುತ್ತದೆ. ದೇವನಹಳ್ಳಿ ಚಕ್ಕೋತ ಎಷ್ಟೇ ರುಚಿಯಾಗಿದ್ದರೂ ಈ ವರ್ಷ ಬೇಡ.

ಎಷ್ಟು ದಿನ? ಕನಿಷ್ಠ 6ರಿಂದ 12 ವಾರ. ಸ್ಟೀರಾಯ್ಡ್ ಮುಂದುವರಿದರೆ ಅಲ್ಲಿಯವರೆಗೂ ಬೇಕು. ಮೊದಲ ಹತ್ತು ದಿನದೊಳಗೆ ಮತ್ತೆ ಸ್ಕ್ಯಾನ್ ಮಾಡಿದರೆ ಗಂಟು ದೊಡ್ಡದಾಗಿ ಕಾಣಬಹುದು. ಔಷಧ ಕೆಲಸ ಮಾಡುತ್ತಿದ್ದಾಗಲೂ ಹೀಗಾಗುತ್ತದೆ. ಕೆಮ್ಮು, ಆಮ್ಲಜನಕ, ಊಟ ಇವು ಸರಿ ಇದ್ದರೆ ಆ ಒಂದು ಸ್ಕ್ಯಾನ್ ನೋಡಿ ಎದೆಗುಂದಬೇಡಿ.

ಊರಿಗೆ ಹೋಗುವ ವಿಷಯ. ಸದ್ಯಕ್ಕೆ ಬೇಡ ಎಂಬುದೇ ನನ್ನ ಅಭಿಪ್ರಾಯ. ಡೋಸ್ ಸರಿಹೊಂದಿ, ಒಂದು ಸ್ಕ್ಯಾನ್‌ನಲ್ಲಿ ಇಳಿತ ಕಂಡು, ಸ್ಟೀರಾಯ್ಡ್ ಸಾಕಷ್ಟು ಇಳಿಯುವವರೆಗೆ ಆಸ್ಪತ್ರೆಯಿಂದ ಒಂದು ಗಂಟೆ ದಾರಿಯೊಳಗೆ ಇರುವುದು ಒಳ್ಳೆಯದು. ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆ, ಗೋಡೆ, ಚಪ್ಪಲಿ ಎಲ್ಲಕ್ಕೂ ಬೂಷ್ಟು ಹಿಡಿಯುವುದು ನಿಮಗೆ ನಾನು ಹೇಳಬೇಕಿಲ್ಲ. ಮುಂದೆ ಹೋಗುವಾಗ ಅವನಿಗೆ ಸೋರದ, ಬಿಸಿಲು ಬರುವ, ಸಾಮಾನು ಕಡಿಮೆ ಇರುವ ಒಂದು ಕೋಣೆ ಬೇಕು. ಗೋಡೆಯ ಬೂಷ್ಟನ್ನು ಅವನು ಬರುವ ಮೊದಲೇ ಬೇರೆಯವರು ಬ್ಲೀಚಿಂಗ್ ನೀರಿನಿಂದ ಒರೆಸಿ ಒಣಗಿಸಿರಲಿ. ಒಣ ಪೊರಕೆ ಬದಲು ಒದ್ದೆ ಬಟ್ಟೆ. ಕೊಟ್ಟಿಗೆ, ಗೊಬ್ಬರದ ಗುಂಡಿ, ಹುಲ್ಲಿನ ಬಣವೆ, ದರಗು ಅಂದರೆ ಒಣ ಎಲೆ ತುಂಬುವ ಜಾಗ, ಅಡಿಕೆ ಸುಲಿಯುವ ಅಂಗಳ, ಇವೆಲ್ಲ ಅವನಿಗೆ ನಿಷಿದ್ಧ. ಅಡಿಕೆಗೆ ಕೊಳೆರೋಗ ತರುವ ಜೀವಿ ಮನುಷ್ಯನಿಗೆ ತೊಂದರೆ ಕೊಡುವುದಿಲ್ಲ, ಆದರೆ ಉದುರಿ ಕೊಳೆತ ಅಡಿಕೆ ರಾಶಿಯಲ್ಲಿ ಬೇರೆ ಬೂಷ್ಟುಗಳು ಧಾರಾಳವಾಗಿ ಬೆಳೆಯುತ್ತವೆ. ಧೂಳಿನ ಜಾಗ ದಾಟಲೇಬೇಕಾದರೆ ಎನ್95 ಮಾಸ್ಕ್ ಹಾಕಲಿ, ಬಟ್ಟೆಯ ಮಾಸ್ಕ್ ಬೀಜಕಣಕ್ಕೆ ಸಾಲದು. ಬೆಂಗಳೂರಿನಲ್ಲೂ ಕಟ್ಟಡ ಒಡೆಯುವ ಜಾಗದ ಹತ್ತಿರ ಬಾಡಿಗೆ ಮನೆ ಹಿಡಿಯಬೇಡಿ. ಕಟ್ಟಡ ಕಾಮಗಾರಿಯ ಧೂಳಿನಿಂದ ಆಸ್ಪತ್ರೆಗಳಲ್ಲೇ ಆಸ್ಪರ್ಜಿಲಸ್ ಹರಡಿದ ಉದಾಹರಣೆಗಳಿವೆ. ಅವನ ಸುತ್ತಮುತ್ತ ಯಾರೂ ಬೀಡಿ ಸಿಗರೇಟು ಸೇದುವುದು ಬೇಡ.

ಅಮ್ಮನಿಗೆ ನನ್ನ ಕಡೆಯಿಂದ ಒಂದು ಮಾತು ಹೇಳಿ. ಸಾರು, ಗಂಜಿ, ಬೇಯಿಸಿದ ತರಕಾರಿ, ಅಡುಗೆಯಲ್ಲಿ ಹಾಕುವ ಅರಿಶಿನ ಎಲ್ಲ ಆಗಬಹುದು. ಅಮೃತಬಳ್ಳಿ ಬೇಡ. ಅದು ರೋಗನಿರೋಧಕ ಶಕ್ತಿಯನ್ನು ಕೆರಳಿಸುತ್ತದೆ ಎಂದೇ ಎಲ್ಲರೂ ಕೊಡುವುದು. ಜಿವಿಎಚ್‌ಡಿಯಲ್ಲಿ ನಾವು ಕಷ್ಟಪಟ್ಟು ಅಡಗಿಸುತ್ತಿರುವುದೂ ಅದನ್ನೇ. ಕೋವಿಡ್ ಕಾಲದಲ್ಲಿ ಇದನ್ನು ಕುಡಿದು ಲಿವರ್ ಊತವಾದ ರೋಗಿಗಳ ಬಗ್ಗೆ ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಕಾಳುಮೆಣಸಿನ ಪುಡಿಯಲ್ಲಿ ಬೂಷ್ಟಿನ ಬೀಜಕಣ ಇರುತ್ತದೆ, ಬೇಯುವಾಗಲೇ ಹಾಕಿ, ಮೇಲೆ ಉದುರಿಸಬೇಡಿ. ಬೂಷ್ಟು ಬಂದ ಕೊಬ್ಬರಿ, ಉಪ್ಪಿನಕಾಯಿ, ಬ್ರೆಡ್ ಇದ್ದರೆ ಮೇಲಿನದನ್ನು ತೆಗೆದು ಉಳಿದದ್ದು ಕೊಡುವ ಅಭ್ಯಾಸ ಬೇಡ, ಪೂರ್ತಿ ಎಸೆಯಿರಿ. ಮೊಸರಿನ ಬಗ್ಗೆ ಒಂದೊಂದು ಆಸ್ಪತ್ರೆಯ ನಿಯಮ ಒಂದೊಂದು, ನಿಮ್ಮ ತಂಡ ಹೇಳಿದಂತೆ ಮಾಡಿ. ಶ್ವಾಸಕೋಶದ ಈ ಸೋಂಕಂತೂ ಮೊಸರಿನಿಂದ ಬಂದದ್ದಲ್ಲ. ಆದರೆ ಭೇದಿಗೆಂದು ಮೆಡಿಕಲ್ ಅಂಗಡಿಯಲ್ಲಿ ಕೊಡುವ ಪ್ರೊಬಯಾಟಿಕ್ ಪುಡಿ ಮುಟ್ಟಲೇಬೇಡಿ. ಅದರಲ್ಲಿ ಕೆಲವು ಜೀವಂತ ಯೀಸ್ಟ್, ಅಂದರೆ ಅದೂ ಫಂಗಸ್ಸೇ. ಸೆಂಟ್ರಲ್ ಲೈನ್ ಇರುವವರ ಹಾಸಿಗೆ ಪಕ್ಕ ಆ ಪೊಟ್ಟಣ ಹರಿದಾಗ ಪುಡಿ ಕೈಗಂಟಿ, ಕೈಯಿಂದ ಲೈನಿಗೆ ತಾಗಿ, ರಕ್ತಕ್ಕೆ ಸೇರಿದ ಪ್ರಕರಣಗಳಿವೆ.

ಇನ್ನೊಂದು ಫಂಗಸ್ ಮೇಲೂ ಕಣ್ಣಿಡಬೇಕು. 2021ರಲ್ಲಿ ಕೋವಿಡ್ ಬೆನ್ನಿಗೇ ಬಂದ ಬ್ಲ್ಯಾಕ್ ಫಂಗಸ್ ನೆನಪಿದೆಯಲ್ಲ, ಆಂಫೊಟೆರಿಸಿನ್ ಇಂಜೆಕ್ಷನ್‌ಗಾಗಿ ಜನ ಊರೂರು ಅಲೆದದ್ದು? ಅದು ಮ್ಯೂಕರ್ ಜಾತಿ. ವಾರಿಕೊನಜೋಲ್ ಅದರ ಮೇಲೆ ಕೆಲಸ ಮಾಡುವುದಿಲ್ಲ, ಗ್ಯಾಲಕ್ಟೋಮನ್ನನ್ ಪರೀಕ್ಷೆಯೂ ಹಿಡಿಯುವುದಿಲ್ಲ. ಸ್ಟೀರಾಯ್ಡ್‌ನಿಂದ ಸಕ್ಕರೆ ಏರಿದರೆ ಅದಕ್ಕೆ ದಾರಿ ಸುಲಭ. ಮನೆಯಲ್ಲಿ ಗ್ಲೂಕೋಮೀಟರ್ ಇಟ್ಟುಕೊಂಡು ಡಾಕ್ಟರ್ ಹೇಳಿದ ಹೊತ್ತಿಗೆ ನೋಡಿ. ಮುಖದ ಒಂದೇ ಪಕ್ಕ ನೋವು ಅಥವಾ ಊತ, ಮೂಗಿನಿಂದ ಕಪ್ಪು ಇಲ್ಲವೇ ರಕ್ತ ಬೆರೆತ ಸಿಂಬಳ, ಮೇಲಿನ ಹಲ್ಲು ಅಲ್ಲಾಡುವುದು, ಎರಡೆರಡು ಕಾಣುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಅದೇ ದಿನ ಆಸ್ಪತ್ರೆ. ನ್ಯುಮೋಸಿಸ್ಟಿಸ್ ಎಂಬ ಮತ್ತೊಂದು ಫಂಗಸ್ ತಡೆಯಲು ಕೋಟ್ರೈಮೋಕ್ಸಜೋಲ್ ಮಾತ್ರೆ ಕೊಟ್ಟಿರುತ್ತಾರೆ. ಕಸಿಯ ನಂತರ ಕನಿಷ್ಠ ಆರು ತಿಂಗಳು, ಸ್ಟೀರಾಯ್ಡ್ ಇದ್ದರೆ ಅದಕ್ಕೂ ಮುಂದೆ ಬೇಕು. ಮಾತ್ರೆ ಬಹಳವಾಯಿತು ಎಂದು ಅದನ್ನು ಬಿಡಿಸಬೇಡಿ.

ಮನೆಯಲ್ಲಿ ಥರ್ಮಾಮೀಟರ್ ಜೊತೆಗೆ ಬೆರಳಿಗೆ ಹಾಕುವ ಆಕ್ಸಿಮೀಟರ್ ಇರಲಿ. 100.4 ಡಿಗ್ರಿ ದಾಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಕಾಯಬೇಡಿ, ಮೊದಲು ಫೋನ್ ಮಾಡಿ. ಜ್ವರ ಇಲ್ಲದಿದ್ದರೂ ಆಕ್ಸಿಜನ್ 94ಕ್ಕಿಂತ ಇಳಿದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ನಿನ್ನೆ ಹತ್ತಿದ ಮೆಟ್ಟಿಲು ಇವತ್ತು ಹತ್ತಲಾಗದಿದ್ದರೆ, ಹೊಸದಾಗಿ ತಲೆನೋವು, ಫಿಟ್ಸ್, ಕೈಕಾಲು ಬಲ ಕಡಿಮೆಯಾದರೆ ರಾತ್ರಿಯೆಂದು ಕಾಯಬೇಡಿ. ಕಫದಲ್ಲಿ ರಕ್ತ ಒಂದು ಚಮಚವೇ ಆದರೂ ಹೊರಟುಬಿಡಿ.

ಊರಿನ ಡಾಕ್ಟರ ಹತ್ತಿರ ಹೋಗಬೇಕಾಗಿ ಬಂದರೆ ಎಲ್ಲ ಮಾತ್ರೆಗಳ ಹೆಸರು, ಡೋಸ್, ಕಸಿ ತಂಡದ ಫೋನ್ ನಂಬರ್ ಬರೆದ ಒಂದು ಹಾಳೆ ಕೊಡಿ. ವಾರಿಕೊನಜೋಲ್ ಜೊತೆ ಸೇರಿಸಬಾರದ ಮಾತ್ರೆಗಳು ತುಂಬಾ ಇವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇದರ ಮಟ್ಟವನ್ನು ನೆಲಕ್ಕೆ ಇಳಿಸುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಕೂಡ ಕಡಿಮೆ ಮಾಡುತ್ತದೆ. ಗ್ಯಾಸ್ ಎಂದು ಸುಮ್ನೆ ಬರೆದುಕೊಡುವ, ಪ್ಯಾಂಟೊಪ್ರಜೋಲ್ ಜೊತೆ ಡೊಂಪೆರಿಡೋನ್ ಬೆರೆಸಿದ ಮಾತ್ರೆಯೂ ಅವನಿಗೆ ಆಗದು, ಎದೆಬಡಿತದ ಲಯ ತಪ್ಪಬಹುದು. ಯಾರೇ ಹೊಸ ಮಾತ್ರೆ ಬರೆದರೂ ಅದರ ಫೋಟೊ ತೆಗೆದು ಕಸಿ ತಂಡಕ್ಕೆ ಕಳಿಸಿ, ಅವರು ಹೂಂ ಅಂದ ಮೇಲೆಯೇ ಮೊದಲ ಮಾತ್ರೆ ಕೊಡಿ.